ಟೂರ್ನಿ ಸಾಕು, ತಾಲೀಮು ಬೇಕು

ಆಟ ಹುಡುಗರನ್ನು ತಿದ್ದುತ್ತದೆ, ಊರನ್ನು ಒಗ್ಗೂಡಿಸುತ್ತದೆ ಎಂಬ ಮಾತಿಗೆ ಯಾವ ವೇದಿಕೆಯಲ್ಲೂ ಎದುರು ಮಾತು ಬರುವುದಿಲ್ಲ. ವಿಶ್ವಸಂಸ್ಥೆ 2013ರಲ್ಲೇ ಏಪ್ರಿಲ್ 6ನ್ನು ಅಭಿವೃದ್ಧಿ ಮತ್ತು ಶಾಂತಿಯ ಕ್ರೀಡಾ ದಿನ ಎಂದು ಸಾರಿತು. ಹಳ್ಳಿಯ ಕ್ರಿಕೆಟ್ ಟೂರ್ನಿ ಉದ್ಘಾಟಿಸುವ ಮುಖಂಡರು ಹೇಳುವುದೂ ಅದನ್ನೇ. ಎಲ್ಲರೂ ಒಪ್ಪಿಬಿಟ್ಟ ಮಾತನ್ನು ಒಮ್ಮೆ ಒರೆಗೆ ಹಚ್ಚಿ ನೋಡಬೇಕು. ಬೀದರ್ ಜಿಲ್ಲೆಯ ಕಮಲನಗರದ ಸೀಮೆ ಅದಕ್ಕೆ ತಕ್ಕ ಜಾಗ.

ಔರಾದ್‌ನಿಂದ ಬೇರೆಯಾಗಿ ತಾಲ್ಲೂಕಾದ ಈ ಊರಿನ ಪಕ್ಕದಲ್ಲೇ ಮಹಾರಾಷ್ಟ್ರದ ಉದಗೀರ. 1956ರ ತನಕ ಉದಗೀರ, ಅಹಮದಪುರ, ನಿಲಂಗಾ ಎಲ್ಲವೂ ಬೀದರ್ ಜಿಲ್ಲೆಯವೇ. ಗಡಿ ಗೀಚಿದ ಮೇಲೂ ಇಲ್ಲಿನ ಬಾಯಲ್ಲಿ ಕನ್ನಡ, ಮರಾಠಿ, ದಖ್ಖನಿ ಮೂರೂ ಉಳಿದವು; ಜಾತ್ರೆಯ ಕುಸ್ತಿಯೂ ಉಳಿಯಿತು. ರುಸ್ತುಂ-ಎ-ಹಿಂದ್ ಆದ ಹರಿಶ್ಚಂದ್ರ ಬಿರಾಜದಾರ ಅದೇ ನಿಲಂಗಾ ಸೀಮೆಯ ಹಳ್ಳಿಯವರು. ಗಡಿಯಾಚೆಯ ಪೈಲ್ವಾನರು ಇಂದಿಗೂ ಈ ಕಡೆಯ ಜಾತ್ರೆಗಳ ಕಣಕ್ಕೆ ಇಳಿಯುತ್ತಾರೆ.

ಜಂಗಿ ಕುಸ್ತಿಯಲ್ಲಿ ಜೋಡಿ ಹಚ್ಚುವ ಬಗೆಯನ್ನು ಗಮನಿಸಬೇಕು. ಹುಡುಗನೊಬ್ಬ ಅಂಗಿ ಬಿಚ್ಚಿ ಕಣಕ್ಕೆ ಬರುತ್ತಾನೆ. ಹಿರಿಯರೊಬ್ಬರು ಅವನ ಕೈ ಎತ್ತಿ ಹಿಡಿದು ಸುತ್ತ ಕೂತ ಜನರ ಮುಂದೆ ಒಂದು ಸುತ್ತು ತಿರುಗಿಸುತ್ತಾರೆ. ಇವನಿಗೆ ಸರಿಜೋಡಿ ಯಾರು ಎಂಬುದಷ್ಟೇ ಪ್ರಶ್ನೆ. ಎತ್ತರ, ತೋಳು, ವಯಸ್ಸು ನೋಡಿ ಪಂಚರು ಒಪ್ಪಿದರೆ ಇಬ್ಬರೂ ಒಂದೇ ಹಿಡಿ ಮಣ್ಣನ್ನು ಮೈಗೆ ಹಚ್ಚಿಕೊಂಡು ಕೈ ಹಿಡಿಯುತ್ತಾರೆ, ಹಲಗಿ ಶುರುವಾಗುತ್ತದೆ. ಚಿಕ್ಕವರಿಗೆ ತೆಂಗಿನಕಾಯಿ, ಕೊನೆಯ ಕುಸ್ತಿಗೆ ಬೆಳ್ಳಿ ಕಡಗ. ಜೋಡಿಗೆ ಬೇಕಾದದ್ದು ಮೈಕಟ್ಟು. ಓಣಿಯ ಹೆಸರಿಗೆ ಅಲ್ಲಿ ಕೆಲಸವಿಲ್ಲ.

ಹಾಗೆಂದು ಇದನ್ನು ಸೌಹಾರ್ದದ ಹಬ್ಬ ಎಂದು ಕೊಂಡಾಡಿ ಸುಮ್ಮನಾಗುವುದು ಸುಲಭ. ಕುಸ್ತಿಯ ನಿಜವಾದ ಕೆಲಸ ನಡೆಯುತ್ತಿದ್ದದ್ದು ಜಾತ್ರೆಯಲ್ಲಲ್ಲ, ತಾಲೀಮು ಎಂಬ ಗರಡಿಯಲ್ಲಿ. ಅಲ್ಲಿ ಎದುರಾಳಿಯೇ ಜೊತೆಗಾರ. ಇವತ್ತು ಕೆಡವಿದವನೇ ನಾಳೆ ಪಟ್ಟು ಹೇಳಿಕೊಡಬೇಕು. ಮಣ್ಣು ಹದ ಮಾಡುವುದು, ಉಸ್ತಾದರ ಬೈಗುಳ ತಿನ್ನುವುದು ಎಲ್ಲರ ಪಾಲಿಗೂ ಒಂದೇ. ಇಂಥ ತಾಲೀಮುಗಳು ಸೊರಗಿವೆ. ವರ್ಷಕ್ಕೊಮ್ಮೆಯ ಕುಸ್ತಿ ಉಳಿದು, ದಿನದ ಸಾಧನೆ ಕರಗಿತು. ಆ ಜಾಗಕ್ಕೆ ಬಂದದ್ದು ಟೆನಿಸ್ ಬಾಲ್ ಟೂರ್ನಿ.

ಟೂರ್ನಿಯ ದೋಷ ಆಟದಲ್ಲಿಲ್ಲ, ತಂಡ ಕಟ್ಟುವುದರಲ್ಲಿದೆ. ಎಂಟ್ರಿ ಫೀ ಕೂಡಿಸುವವರು ಒಂದೇ ಓಣಿಯ ಗೆಳೆಯರು. ನಮ್ಮ ಹಳ್ಳಿಗಳಲ್ಲಿ ಓಣಿ ಎಂದರೆ ಬಹುಪಾಲು ಜಾತಿ. ತಂಡದ ಹೆಸರು, ಜೆರ್ಸಿಯ ಬಣ್ಣ, ಫ್ಲೆಕ್ಸ್ ಮೇಲಿನ ಮುಖ ಅದನ್ನೇ ಸಾರುತ್ತವೆ. ಒಂದು ರನೌಟ್ ತೀರ್ಪು ಜಗಳವಾದರೆ ಅದು ಎರಡು ತಂಡಗಳ ನಡುವೆ ನಿಲ್ಲುವುದಿಲ್ಲ.

ಇದು ಬರೀ ಅನುಮಾನವಲ್ಲ. ಅರ್ಥಶಾಸ್ತ್ರಜ್ಞ ಮ್ಯಾಟ್ ಲೋ ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಬೇರೆ ಬೇರೆ ಜಾತಿಯ 1,261 ಜನರ ಅಧ್ಯಯನದ ಭಾಗವಾಗಿ ಕ್ರಿಕೆಟ್ ಲೀಗ್ ನಡೆಸಿ 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ಬೇರೆ ಜಾತಿಯವರೊಡನೆ ಒಂದೇ ತಂಡದಲ್ಲಿ ಆಡಿದವರಲ್ಲಿ ಜಾತಿ ಮೀರಿದ ಗೆಳೆತನ ಬೆಳೆಯಿತು, ಸ್ವಜಾತಿ ಪಕ್ಷಪಾತ ತಗ್ಗಿತು. ಅವರ ವಿರುದ್ಧವೇ ಆಡಿದಾಗ ಆದದ್ದು ಬಹುಮಟ್ಟಿಗೆ ಇದಕ್ಕೆ ತಿರುಗುಮುರುಗು. ಒಂದೇ ಆಟ, ಒಂದೇ ಚೆಂಡು. ಯಾರು ಯಾರ ಪಕ್ಕ ನಿಂತರು ಎಂಬುದರಿಂದ ಫಲ ಬೇರೆಯಾಯಿತು.

ಇನ್ನೊಂದು ಎಚ್ಚರಿಕೆ ಇರಾಕಿನಿಂದ ಬಂದದ್ದು. ಐಸಿಸ್ ದಾಳಿಗೆ ನೆಲೆ ಕಳೆದುಕೊಂಡ ಕ್ರೈಸ್ತ ಆಟಗಾರರ ಫುಟ್‌ಬಾಲ್ ತಂಡಗಳ ಪೈಕಿ ಕೆಲವಕ್ಕೆ ಮುಸ್ಲಿಂ ಆಟಗಾರರನ್ನು ಸೇರಿಸಿ ಸಲ್ಮಾ ಮೂಸಾ ಅಧ್ಯಯನ ಮಾಡಿದರು; 2020ರಲ್ಲಿ ಅದು ಪ್ರಕಟವಾಯಿತು. ಮೈದಾನದಲ್ಲಿ ಸ್ನೇಹ ಗಟ್ಟಿಯಾಯಿತು, ಆರು ತಿಂಗಳ ನಂತರವೂ ಒಟ್ಟಿಗೆ ಅಭ್ಯಾಸ ನಡೆಯಿತು. ಆದರೆ ಮುಸ್ಲಿಮರೇ ಹೆಚ್ಚಿರುವ ಮೊಸುಲ್‌ಗೆ ಹೋಗಿ ಹೋಟೆಲಿನಲ್ಲಿ ಊಟ ಮಾಡುವಷ್ಟು ನಂಬಿಕೆ ಹುಟ್ಟಲಿಲ್ಲ. ಗೊತ್ತಿದ್ದ ಗೆಳೆಯ ನಮ್ಮವನಾದ; ಗೊತ್ತಿಲ್ಲದವನು ಹೊರಗಿನವನಾಗಿಯೇ ಉಳಿದ.

ಕಮಲನಗರದವರಿಗೆ ಈ ಕೊನೆಯ ಮಾತು ಚುಚ್ಚಬೇಕು. 2018ರ ಜುಲೈ 13ರಂದು ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಹೊರಗಿನವರು ಮಕ್ಕಳ ಕಳ್ಳರೆಂಬ ವದಂತಿ ವಾಟ್ಸ್‌ಆ್ಯಪ್‌ನಲ್ಲಿ ಹಬ್ಬಿತು. ಅವರ ಕಾರಿಗಿಂತ ಮೊದಲೇ ಸುದ್ದಿ ಇದೇ ಸೀಮೆಯ ಮುರ್ಕಿ ಗ್ರಾಮ ತಲುಪಿತ್ತು. ಗುಂಪಿನ ಹೊಡೆತಕ್ಕೆ ಹೈದರಾಬಾದಿನ ಯುವಕನೊಬ್ಬ ಸತ್ತ. ಬಿಡಿಸಲು ಹೋದ ಪೊಲೀಸರೂ ಪೆಟ್ಟು ತಿಂದರು. ಊರಿಗೊಂದು ಮೈದಾನವಿದ್ದರೆ ಇದು ತಪ್ಪುತ್ತಿತ್ತು ಎನ್ನುವುದು ಭಂಡತನ. ಒಗ್ಗಟ್ಟೇ ಇಲ್ಲದ ಊರಲ್ಲಿ ಜನ ಅಷ್ಟು ಬೇಗ ಸೇರುವುದಿಲ್ಲ. ಕೊರತೆಯಿದ್ದದ್ದು ಅಪರಿಚಿತನನ್ನು ಒಂದು ಗಳಿಗೆ ನಿಲ್ಲಿಸಿ ಮಾತಾಡಿಸುವ ರೂಢಿಗೆ. ‘ನಮ್ಮೂರ ತಂಡ’ ಎಂಬ ಅಭಿಮಾನವನ್ನಷ್ಟೇ ಬೆಳೆಸುವ ಆಟ ಆ ರೂಢಿಯನ್ನು ಕಲಿಸಲಾರದು.

ಸರ್ಕಾರಿ ಕ್ರೀಡಾಕೂಟಗಳಿಂದಲೂ ಇದಕ್ಕೆ ಹೆಚ್ಚಿನ ನೆರವಿಲ್ಲ. ದಸರಾ ಕ್ರೀಡಾಕೂಟ ತಾಲ್ಲೂಕಿನಿಂದ ಜಿಲ್ಲೆ, ವಿಭಾಗ ದಾಟಿ ಮೈಸೂರು ತಲುಪುವ ಏಣಿ. ಪ್ರತಿಭೆ ಹೆಕ್ಕಲು ಅದು ಒಳ್ಳೆಯ ಜರಡಿ. ಆದರೆ ಮೊದಲ ಸುತ್ತಿನಲ್ಲೇ ಸೋತ ತಂಡದ ಪಾಲಿಗೆ ಕ್ರೀಡೆ ಆ ವರ್ಷಕ್ಕೆ ಮುಗಿಯಿತು. ಹುಡುಗಿಯರ ಮಟ್ಟಿಗಂತೂ ಹೈಸ್ಕೂಲ್ ಮುಗಿದ ಮೇಲೆ ಖೊಖೊ, ಕಬಡ್ಡಿಗಳೂ ಬಾಗಿಲು ಮುಚ್ಚುತ್ತವೆ. ತಾಲೀಮನ್ನು ಹೊಗಳುವಾಗ ಮರೆಯಬಾರದು, ಅದೂ ಹೆಣ್ಣುಮಕ್ಕಳನ್ನು ಹೊರಗಿಟ್ಟ ಜಾಗವೇ.

ಬೆರೆಸಿ ಬೆಳೆಸುವ ಕೆಲಸ ಈ ನೆಲಕ್ಕೆ ಹೊಸತಲ್ಲ. ಕಮಲನಗರದಲ್ಲೇ ಹುಟ್ಟಿದ ಡಾ. ಚನ್ನಬಸವ ಪಟ್ಟದ್ದೇವರು ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದ್ದನ್ನು ಎಲ್ಲರೂ ನೆನೆಯುತ್ತಾರೆ. ಜಾತಿ ನೋಡದೆ ಮಕ್ಕಳನ್ನು ಭಾಲ್ಕಿಯ ಮಠದಲ್ಲಿ ಇರಿಸಿಕೊಂಡದ್ದು ಅದಕ್ಕಿಂತ ಕಡಿಮೆಯದಲ್ಲ. ಮಕ್ಕಳು ತಾವಾಗಿಯೇ ಬೆರೆಯಲಿ ಎಂದು ಅವರು ಕಾಯಲಿಲ್ಲ, ಬೆರೆಸಿದರು.

ಟೂರ್ನಿ ನಡೆಸುವವರು ಮಾಡಬೇಕಾದದ್ದೂ ಅಷ್ಟೇ. ಠಾಣಾ ಕುಶನೂರ, ದಾಬಕಾ, ಮುರ್ಕಿಯ ಹುಡುಗರ ಹೆಸರುಗಳನ್ನು ಒಂದೇ ಡಬ್ಬಿಗೆ ಹಾಕಿ ಚೀಟಿ ಎತ್ತಿ ತಂಡ ಕಟ್ಟಲಿ, ಉದಗೀರದವರಿಗೂ ಒಂದಿಷ್ಟು ಚೀಟಿ ಇರಲಿ. ಒಂದು ದಿನದ ಪಂದ್ಯದ ಬದಲು ವಾರಕ್ಕೊಂದು ಪಂದ್ಯದ ಹಂಗಾಮು ಆಗಲಿ. ಹುಡುಗಿಯರ ತಂಡವಿಲ್ಲದ ಟೂರ್ನಿಗೆ ಪಂಚಾಯಿತಿ ಮೈದಾನ ಕೊಡದಿರಲಿ. ಇದಕ್ಕೆ ಹೊಸ ಅನುದಾನ ಬೇಕಿಲ್ಲ. ಬೇಕಾದದ್ದು ತಂಡ ಕಟ್ಟುವ ಹಕ್ಕನ್ನು ಓಣಿಯ ಕೈಯಿಂದ ಬಿಡಿಸಿಕೊಳ್ಳುವ ಧೈರ್ಯ. ಅಷ್ಟು ಮಾಡದೆ ಶಾಂತಿಯ ಭಾಷಣ ಮಾಡುವವರಿಗೆ ರಿಬ್ಬನ್ ಕತ್ತರಿಸುವ ಕೆಲಸವೇ ಸಾಕು.