ಬಂಡೆಯ ಮೇಲಣ ಮನೆ
ಯಲಹಂಕ, ದೇವನಹಳ್ಳಿಗಳ ಕಡೆಯ ಹಲವು ಹಳೆಯ ಮನೆಗಳಲ್ಲಿ ಕಲ್ಲುಚಪ್ಪಡಿಯೇ ಗೋಡೆ, ಚಪ್ಪಡಿಯೇ ಸೂರು. ಬಂಡೆಗೆ ಬೆಂಕಿಯಿಟ್ಟು ಸೀಳಿ ಎಬ್ಬಿಸಿದ ಆ ಪದರಗಳು ನೆಲದಿಂದಲೇ ಎದ್ದಂತೆ ತೋರುವುದು ಸಹಜ. ಆದರೆ ಈ ಹೊಂದಿಕೆಯನ್ನು ಕೊಂಡಾಡುವವರು ಅದರೊಳಗೆ ಬೇಸಿಗೆಯ ಇರುಳನ್ನು ಕಳೆದವರಲ್ಲವೆಂದು ಕಾಣುತ್ತದೆ. ಹಗಲೆಲ್ಲ ಕಾದ ಚಪ್ಪಡಿ ಬಹು ಹೊತ್ತಿನವರೆಗೆ ಕಾವು ಸೂಸುತ್ತದೆ.

ಯಶವಂತಪುರಕ್ಕೆ ಸಮೀಪದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ಬಳಕೆಗೆ ತಂದ, ಸಿಮೆಂಟು ಬೆರೆಸಿ ಒತ್ತಿದ ಮಣ್ಣಿನ ಇಟ್ಟಿಗೆಯು ಭಟ್ಟಿಯ ಸೌದೆಯನ್ನು ಉಳಿಸುತ್ತದೆ; ಅದರ ಗುಣದಲ್ಲಿ ಸಂಶಯವಿಲ್ಲ. ಆದರೆ ಬರಿಬಂಡೆಯ ಗುಡ್ಡಕ್ಕೆ ಮಣ್ಣನ್ನು ಲಾರಿಯಲ್ಲಿ ಹೇರಿ ತಂದರೆ ಆ ಉಳಿತಾಯ ಎಷ್ಟು ಉಳಿದೀತು? ಕಾಂಕ್ರೀಟಿಗೆ ಕಲ್ಲಿನ ಬಿಲ್ಲೆ ಅಂಟಿಸಿ ಪ್ರಕೃತಿಯೊಡನೆ ಒಂದಾದೆವೆನ್ನುವುದಂತೂ ಬರಿಯ ವೇಷ. ಬಿಸಿಲಿಗೆ ಮೊದಲು ಕಾಯುವುದು ಸೂರೇ ಆದುದರಿಂದ, ಗೋಡೆಗೆ ಚಪ್ಪಡಿಯೂ ಸೂರಿಗೆ ನಾಡಹೆಂಚೂ ಅಲ್ಲಿಗೆ ತಕ್ಕವೆಂದು ನನ್ನ ಮತ. ಹೆಂಚಿಗೂ ಸೌದೆ ಬೇಕೆಂಬುದನ್ನು ಬಲ್ಲೆ.