ಬಿಸಿನೀರಿನ ಊರುಗಳ ಅತಿಥಿಗಳು: ಮೂರು ಜಪಾನೀ ಕಥೆಗಳ ವಿಚಾರ

ಬಂಧುಗಳ ಮನೆಯಲ್ಲಿ ಇಳಿದುಕೊಂಡವನಿಗೆ ಸತ್ಕಾರದ ಋಣವುಂಟು; ಹಣ ಕೊಟ್ಟು ಇಳಿದುಕೊಂಡವನಿಗೆ ಋಣವಿಲ್ಲ. ಜಪಾನಿನ ಹಳ್ಳಿಗಾಡಿನಲ್ಲಿ ಬಿಸಿನೀರಿನ ಬುಗ್ಗೆಗಳ ಬಳಿ ಇರುವ ರ್ಯೋಕಾನ್ ಎಂಬ ವಸತಿಗೃಹಗಳು ಈ ಎರಡು ಸ್ಥಿತಿಗಳ ನಡುವೆ ನಿಂತಿರುತ್ತವೆ. ಅಲ್ಲಿ ಹಣ ಸಲ್ಲುವುದೇನೋ ನಿಜ. ಆದರೂ ಬಾಗಿಲಲ್ಲಿ ಪಾದರಕ್ಷೆಯನ್ನು ಕಳಚಿ ಒಳಹೊಕ್ಕ ಅತಿಥಿಗೆ ಮನೆಯವರಂತೆಯೇ ಉಪಚಾರ ದೊರೆಯುವುದು. ಉಡಲು ಯುಕಾತಾ ಎಂಬ ಹತ್ತಿಯ ನಿಲುವಂಗಿಯನ್ನು ಕೊಡುವರು. ಕೋಣೆಯ ಚಾಪೆನೆಲದ ಮೇಲೆಯೇ ಊಟವನ್ನು ತಂದಿಡುವರು. ರಾತ್ರಿ ಅದೇ ನೆಲದ ಮೇಲೆ ಸೇವಕಿಯು ಬಂದು ಹಾಸಿಗೆ ಬಿಡಿಸುವಳು. ಸ್ನಾನಗೃಹದಲ್ಲಿ ಮೊದಲು ಹೊರಗೆ ಕುಳಿತು ಮೈ ತೊಳೆದುಕೊಂಡು, ಶುದ್ಧನಾದ ಮೇಲೆಯೇ ಎಲ್ಲರಿಗೂ ಸಾಮಾನ್ಯವಾದ ಬಿಸಿನೀರಿನ ಕೊಳಕ್ಕೆ ಇಳಿಯತಕ್ಕದ್ದು. ಅಲ್ಲಿ ಉಡುಪಿಲ್ಲ, ಪದವಿಯಿಲ್ಲ, ಕೆಲಸವೂ ಇಲ್ಲ. ಹಿಂದಿನ ಕಾಲದಲ್ಲಿ ರೋಗಪರಿಹಾರಕ್ಕಾಗಿ ಹೋಗುವವರು ಏಳು ದಿನಗಳನ್ನು ಒಂದು ಆವೃತ್ತಿಯೆಂದು ಎಣಿಸಿ, ಮೂರು ಆವೃತ್ತಿಗಳ ಕಾಲ ಅಲ್ಲಿ ತಂಗುತ್ತಿದ್ದರು. ಇದಕ್ಕೆ ಅವರು ತೋಜಿ ಎನ್ನುವರು.

ಇಂತಹ ಸ್ಥಳದಲ್ಲಿ ಅತಿಥಿಯಾದವನಿಗೆ ನೋಡುವುದರ ಹೊರತು ಬೇರೆ ಕೆಲಸವಿರುವುದಿಲ್ಲ. ಜಪಾನಿನ ಆಧುನಿಕ ಕಥಾಕಾರರು ಈ ವಿರಾಮವನ್ನು ಮತ್ತೆ ಮತ್ತೆ ಬಳಸಿಕೊಂಡಿರುವುದು ಆಶ್ಚರ್ಯವಲ್ಲ. ವಿಚಾರಿಸಬೇಕಾದುದು ಬೇರೊಂದು. ಅತಿಥಿಯು ನೋಡುತ್ತಿರುವಾಗ ಅವನ ಕಣ್ಣಿಗೆ ಬಿದ್ದವರ ಪಾಡೇನು? ಅವನ ನೋಟವು ರಸಿಕನದೋ, ಕೇವಲ ಉದಾಸೀನನದೋ? ನಾತ್ಸುಮೆ ಸೋಸೆಕಿ, ಶಿಗಾ ನಾವೋಯಾ, ಕಾವಾಬಾತಾ ಯಾಸುನಾರಿ ಎಂಬ ಮೂವರ ಮೂರು ಕೃತಿಗಳನ್ನು ಈ ಒಂದು ಪ್ರಶ್ನೆಯಿಂದ ಪರೀಕ್ಷಿಸಿದರೆ, ಲೋಕಪ್ರಸಿದ್ಧಿಯು ಅವಕ್ಕೆ ಕೊಟ್ಟಿರುವ ಕ್ರಮವು ಸ್ವಲ್ಪ ಬದಲಾಗುವುದೆಂದು ತೋರುತ್ತದೆ.

ಸೋಸೆಕಿಯ 'ಕುಸಾಮಕುರ'ವು 1906ರಲ್ಲಿ ಪ್ರಕಟವಾಯಿತು. ಹೆಸರಿಗೆ ಹುಲ್ಲಿನ ದಿಂಬು ಎಂದರ್ಥ. ಪ್ರಾಚೀನ ಜಪಾನೀ ಕವಿತೆಯಲ್ಲಿ ಅದು ಪ್ರಯಾಣಕ್ಕೆ ರೂಢವಾದ ವಿಶೇಷಣ. (ಇಂಗ್ಲಿಷಿನ ಮೊದಲ ಪ್ರಸಿದ್ಧ ಅನುವಾದಕನು ಇದನ್ನು ಬಿಟ್ಟು 'ಮೂರು ಮೂಲೆಯ ಜಗತ್ತು' ಎಂಬರ್ಥದ ಹೆಸರಿಟ್ಟುದು ಅಷ್ಟೇನೂ ಸಂತೋಷದ ವಿಷಯವಲ್ಲ.) ಸೋಸೆಕಿಯು ಕುಮಾಮೋತೋ ನಗರದಲ್ಲಿ ಉಪಾಧ್ಯಾಯನಾಗಿದ್ದಾಗ, 1897ರ ಕೊನೆಯಲ್ಲಿ, ಓಅಮಾ ಎಂಬ ಬಿಸಿನೀರಿನ ಊರಿನಲ್ಲಿ ತಂಗಿದ್ದನು. ಕಥೆಯಲ್ಲಿ ಆ ಊರು ನಾಕೋಯಿ ಎಂಬ ಹೆಸರನ್ನು ಪಡೆದಿದೆ. ಮೂವತ್ತು ವರ್ಷದ ಚಿತ್ರಕಾರನೊಬ್ಬನು ಬೆಟ್ಟವನ್ನು ಹತ್ತಿ ಅಲ್ಲಿಗೆ ಬರುತ್ತಾನೆ. ಮಾನವರ ರಾಗದ್ವೇಷಗಳ ಗೊಡವೆಯೇ ಬೇಡ, ಎದುರಾದವರನ್ನೆಲ್ಲ ನೋ ನಾಟಕದ ಪಾತ್ರಗಳಂತೆ, ಚಿತ್ರಪಟದ ಆಕೃತಿಗಳಂತೆ ನೋಡುವೆನು ಎಂಬುದು ಅವನ ಸಂಕಲ್ಪ.

ವಸತಿಗೃಹದ ಒಡೆಯನ ಮಗಳು ನಾಮಿ. ಗಂಡನನ್ನು ಬಿಟ್ಟು ತವರಿಗೆ ಬಂದವಳು. ಹಳ್ಳಿಯವರ ಬಾಯಲ್ಲಿ ಹುಚ್ಚಿ. ಒಂದು ರಾತ್ರಿ ಚಿತ್ರಕಾರನು ಸ್ನಾನದ ಕೊಳದಲ್ಲಿ ಮೈಮರೆತಿರುವಾಗ ಹಬೆಯ ನಡುವೆ ಅವಳ ಆಕೃತಿಯು ಮೆಟ್ಟಿಲಿಳಿದು ತೋರಿ, ಇನ್ನೇನು ಸ್ಪಷ್ಟವಾಗಬೇಕೆನ್ನುವಷ್ಟರಲ್ಲಿ ಗಟ್ಟಿಯಾದ ನಗೆಯೊಂದಿಗೆ ಮರೆಯಾಗುವುದು. ನೋಡುವವನನ್ನೇ ನೋಡಿ ನಕ್ಕವಳು ಈಕೆ! ಬೇರೊಂದು ದಿನ ಅವಳು ಹೊಲದ ಬಳಿ ಒಬ್ಬ ಗಂಡಸಿನ ಎದುರು ನಿಂತು ಸೊಂಟದ ಪಟ್ಟಿಗೆ ಕೈಹಾಕುತ್ತಾಳೆ. ದೂರದಲ್ಲಿ ಮಲಗಿ ನೋಡುತ್ತಿರುವ ಚಿತ್ರಕಾರನು ಕಠಾರಿಯನ್ನು ನಿರೀಕ್ಷಿಸುತ್ತಾನೆ. ಹೊರಬರುವುದು ಹಣದ ಚೀಲ. ಬಡವನಾಗಿ ಮಂಚೂರಿಯಾಕ್ಕೆ ಹೊರಟ ಹಳೆಯ ಗಂಡನಿಗೆ ಅವಳು ದಾರಿಯ ಖರ್ಚಿಗೆ ಕೊಡುತ್ತಿದ್ದಳು. ಚಿತ್ರಕಾರನು ಮನಸ್ಸಿನಲ್ಲಿ ಬರೆದುಕೊಂಡಿದ್ದ ಚಿತ್ರವನ್ನು ಬದುಕು ಹೀಗೆ ಒಂದು ಹಣದ ಚೀಲದಿಂದ ಒರಸಿಹಾಕುವುದು.

ಇಲ್ಲಿ ಭಾರತೀಯ ಆಲಂಕಾರಿಕರು ಮಾಡಿದ ಒಂದು ವಿವೇಕವನ್ನು ಸ್ಮರಿಸುವುದು ಉಚಿತ. ಕಾವ್ಯದಲ್ಲಿ ಕಾಣುವ ಶೋಕವು ನನ್ನದು ಎಂದಾಗಲಿ, ಶತ್ರುವಿನದು ಎಂದಾಗಲಿ ಸಹೃದಯನಿಗೆ ತೋರುವುದಿಲ್ಲವೆಂದು ಅವರು ಹೇಳಿದರು. ಆದರೆ ಅಷ್ಟಕ್ಕೇ ನಿಲ್ಲಲಿಲ್ಲ. ನನಗೆ ಸಂಬಂಧವಿಲ್ಲದ ತಟಸ್ಥನದು ಎಂದೂ ತೋರುವುದಿಲ್ಲವೆಂದು ಸೇರಿಸಿದರು. ಸ್ವಂತ ಸುಖದುಃಖಗಳಿಗೆ ವಶನಾಗಿರುವುದು ರಸಕ್ಕೆ ವಿಘ್ನವೆಂದು ಅಭಿನವಗುಪ್ತನು ಎಣಿಸಿರುವುದು ನಿಜ. ಹಾಗೆಂದು ತಾಟಸ್ಥ್ಯವೇ ರಸವೆಂದು ಅವನು ಎಲ್ಲಿಯೂ ಹೇಳಿದವನಲ್ಲ. ಸೋಸೆಕಿಯ ಚಿತ್ರಕಾರನು ಮೊದಲ ವಿಘ್ನವನ್ನು ಕಳೆದುಕೊಳ್ಳುವ ಭರದಲ್ಲಿ ಎರಡನೆಯ ದೋಷಕ್ಕೆ ಬಿದ್ದವನು. ನಾಮಿಯ ಮುಖದಲ್ಲಿ ಯಾವುದೋ ಒಂದು ಕಡಿಮೆಯಾಗಿದೆಯೆಂದು ಅವನೇ ಹುಡುಕಿ, ಅದು ಕರುಣೆಯೆಂದು ನಿಶ್ಚಯಿಸುತ್ತಾನೆ. ಆ ಕೊರತೆಯು ಅವಳ ಮುಖದಲ್ಲಿತ್ತೋ ಅವನ ಕಣ್ಣಿನಲ್ಲಿತ್ತೋ? ಕೊನೆಗೆ ಯುದ್ಧಕ್ಕೆ ಹೊರಟ ತರುಣನನ್ನು ಬೀಳ್ಕೊಡಲು ಎಲ್ಲರೂ ರೈಲು ನಿಲ್ದಾಣಕ್ಕೆ ಬಂದಾಗ, ಅದೇ ಬಂಡಿಯ ಕಿಟಕಿಯಲ್ಲಿ ಹಳೆಯ ಗಂಡನ ಮುಖವು ಕಾಣುವುದು. ನಾಮಿಯ ಮುಖದಲ್ಲಿ ಆ ವರೆಗೆ ಇಲ್ಲದ ಕರುಣೆಯು ತುಂಬಿ ಬರುವುದು. ಚಿತ್ರಕಾರನು ಅವಳ ಭುಜವನ್ನು ತಟ್ಟಿ, ಇದೇ ಬೇಕಾಗಿದ್ದುದು, ಚಿತ್ರವು ಪೂರ್ಣವಾಯಿತೆನ್ನುತ್ತಾನೆ. ಆ ಗಳಿಗೆಯಲ್ಲಿಯೂ ಅವನಿಗೆ ಚಿತ್ರದ್ದೇ ಧ್ಯಾನ! ಸೋಸೆಕಿಯು ಇದನ್ನು ಕಂಡು ಒಳಗೊಳಗೇ ನಕ್ಕಿರಬೇಕು. ಗ್ರಂಥವು ತನ್ನ ಸಿದ್ಧಾಂತವನ್ನು ತಾನೇ ಸೋಲಿಸಿಕೊಳ್ಳುವುದರಲ್ಲಿಯೇ ಅದರ ಗೌರವವಿದೆ. ನಡುವೆ ಬರುವ ಕಲಾಚರ್ಚೆಗಳು ಮಾತ್ರ ದೀರ್ಘವಾಗಿ, ಪಂಡಿತರಿಗೂ ಆಕಳಿಕೆ ತರತಕ್ಕವು.

ಕಾವಾಬಾತಾನ 'ಯುಕಿಗುನಿ', ಎಂದರೆ ಹಿಮದ ನಾಡು, ಇವುಗಳಲ್ಲೆಲ್ಲ ಹೆಚ್ಚು ಪ್ರಸಿದ್ಧವಾದುದು. 1931ರಲ್ಲಿ ಶಿಮಿಜು ಸುರಂಗವು ತೆರೆದು, ಟೋಕಿಯೋದಿಂದ ಎಚಿಗೋ ಸೀಮೆಯ ಯುಜಾವಾಕ್ಕೆ ನೇರವಾಗಿ ರೈಲು ಹೋಗುವಂತಾಯಿತು. 1934ರಿಂದ ಕಾವಾಬಾತಾನು ಅಲ್ಲಿನ ವಸತಿಗೃಹವೊಂದರಲ್ಲಿ ಪದೇ ಪದೇ ತಂಗಿ ಈ ಕಥೆಯನ್ನು ಬಿಡಿಬಿಡಿಯಾಗಿ ಬರೆದನು. 1937ರಲ್ಲಿ ಪುಸ್ತಕವಾದುದು ಮತ್ತೆ ಬೆಳೆದು 1948ರಲ್ಲಿ ಪೂರ್ಣರೂಪವನ್ನು ಪಡೆಯಿತು. 1968ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕವು ಬಂದಾಗ ಹೊರದೇಶಗಳು ಅವನನ್ನು ಅರಿತುದು ಬಹುಮಟ್ಟಿಗೆ ಈ ಗ್ರಂಥದಿಂದ.

ಇದರ ಅತಿಥಿ ಶಿಮಾಮುರನು ಪಿತ್ರಾರ್ಜಿತದಿಂದ ಬದುಕುವವನು. ತಾನು ಎಂದೂ ನೋಡದ ಪಾಶ್ಚಾತ್ಯ ನೃತ್ಯದ ಮೇಲೆ ಲೇಖನಗಳನ್ನು ಬರೆಯುವವನು. ಟೋಕಿಯೋದಲ್ಲಿ ಹೆಂಡತಿ ಮಕ್ಕಳನ್ನು ಬಿಟ್ಟು ಮೂರು ಸಲ ಹಿಮದ ನಾಡಿಗೆ ಬಂದು, ಕೊಮಾಕೊ ಎಂಬ ಗೇಯ್ಶಾಳ ಪ್ರೀತಿಯನ್ನು ಪಡೆಯುತ್ತಾನೆ, ಏನನ್ನೂ ಕೊಡುವುದಿಲ್ಲ. ಕೊಮಾಕೊ ಓದಿದ ಕಥೆಗಳ ವಿವರಗಳನ್ನೆಲ್ಲ ವರ್ಷಗಟ್ಟಲೆ ಪುಸ್ತಕಗಳಲ್ಲಿ ಬರೆದಿಟ್ಟುಕೊಂಡವಳು; ಗುರುವಿಲ್ಲದೆ ಸ್ವರಲಿಪಿಯನ್ನು ನೋಡಿಯೇ ಶಾಮಿಸೆನ್ ವಾದ್ಯವನ್ನು ಸಾಧಿಸಿದವಳು. ಅವಳ ಬರವಣಿಗೆಯ ವಿಷಯವನ್ನು ಕೇಳಿ ಅತಿಥಿಯು ವ್ಯರ್ಥಪ್ರಯಾಸವೆನ್ನುವನು. ಕಾಣದ ನೃತ್ಯವನ್ನು ವರ್ಣಿಸುವವನು ಇದನ್ನು ಹೇಳಬೇಕೆ! ವಸತಿಗೃಹವು ಅವನಿಗೆ ವಿರಾಮದ ಸ್ಥಳ, ಅವಳಿಗೆ ಕೂಲಿಯ ಸ್ಥಳ. ಕುಡಿದು ತೂರಾಡುತ್ತ ಬೇರೆ ಅತಿಥಿಗಳ ಔತಣದಿಂದ ಓಡಿಬಂದು, ಬೆಳಗಾಗುವ ಮೊದಲೇ ಸೇವಕಿಯರ ಕಣ್ಣಿಗೆ ಬೀಳದಂತೆ ಹೋಗಬೇಕೆಂದು ತವಕಿಸುವ ಅವಳನ್ನು ಚಿತ್ರಿಸುವಾಗ ಕಾವಾಬಾತಾನ ಲೇಖನಿಯು ಎಲ್ಲಿಯೂ ಸುಳ್ಳಾಡುವುದಿಲ್ಲ. ನೀನು ಒಳ್ಳೆಯ ಹೆಣ್ಣು ಎಂದು ಶಿಮಾಮುರನು ಮಾತು ಬದಲಿಸಿ ಹೊಗಳಿದಾಗ, ಆ ಹೊಗಳಿಕೆಯೊಳಗಿನ ಅವಮಾನವು ಅವಳಿಗೆ ತಟ್ಟನೆ ಹೊಳೆದು ಅವಳು ಕುದಿಯುವ ಸಂದರ್ಭವೊಂದೇ ಗ್ರಂಥಕರ್ತನ ಪ್ರತಿಭೆಗೆ ಸಾಕಾದ ಪ್ರಮಾಣ.

ಹಾಗಾದರೆ ಆಕ್ಷೇಪವೇನು? ಕಥೆಯ ಕೊನೆಯಲ್ಲಿ ರೇಷ್ಮೆಗೂಡಿನ ಉಗ್ರಾಣಕ್ಕೆ ಬೆಂಕಿ ಬಿದ್ದು, ಯೋಕೊ ಎಂಬ ಹುಡುಗಿಯು ಮೇಲಿನಿಂದ ಬೀಳುತ್ತಾಳೆ. ಕೊಮಾಕೊ ಅವಳನ್ನು ಎದೆಗವಚಿಕೊಂಡು ಕೂಗುತ್ತಾಳೆ. ಅಲ್ಲಿ ನಿಲ್ಲಬೇಕಾಗಿದ್ದ ಕಥೆಯು ಶಿಮಾಮುರನ ಕಡೆಗೆ ತಿರುಗಿ, ಆಕಾಶಗಂಗೆಯು ಅವನೊಳಗೆ ಸುರಿಯುವುದರೊಂದಿಗೆ ಮುಗಿಯುವುದು. ನೆರವಿಗೆ ನುಗ್ಗಿದ ಗಂಡಸರು ಅವನನ್ನು ಪಕ್ಕಕ್ಕೆ ತಳ್ಳಿದರೆಂಬುದನ್ನು ತೋರಿಸಿ, ಇದು ಅವನಿಗಾದ ಶಿಕ್ಷೆಯೇ ಎಂದು ವಾದಿಸುವವರು ಇರಬಹುದು; ವಾದವು ದುರ್ಬಲವಲ್ಲ. ಆದರೆ ವಾಚಕನ ಕಿವಿಯಲ್ಲಿ ಉಳಿಯುವುದು ಆ ಹೆಂಗಸಿನ ಕೂಗಲ್ಲ, ನಕ್ಷತ್ರಗಳ ಘೋಷ. ಬೆಂಕಿಯ ನಡುವೆಯೂ ಅತಿಥಿಗೆ ಒಂದು ಸೌಂದರ್ಯವು ದೊರೆತೇ ದೊರೆಯಿತು. ಕವಿಯು ಇಲ್ಲಿ ಅತಿಥಿಯನ್ನು ವಿಚಾರಣೆಗೆ ತಂದು, ತೀರ್ಪಿನ ಹೊತ್ತಿಗೆ ಅವನ ಪಕ್ಕದಲ್ಲಿ ಕುಳಿತುಬಿಟ್ಟಿರುವನು.

ಇದೇ ಗ್ರಂಥದಲ್ಲಿ ಚಳಿಯೇರಿದಂತೆ ಕೋಣೆಯ ಚಾಪೆಯ ಮೇಲೆ ಸಾಯುವ ಹುಳಗಳನ್ನು ಶಿಮಾಮುರನು ನೋಡುತ್ತಾನೆ. ಸತ್ತ ಪತಂಗವು ಇಷ್ಟು ಚೆಲುವಾಗಿರುವುದೇಕೆಂದು ಬೆರಗಾಗುತ್ತಾನೆ. ಈ ಭಾಗವನ್ನು ಓದಿದವರು ಶಿಗಾನ ಸಣ್ಣಕಥೆಗೆ ತಿರುಗಬೇಕು. 1913ರ ಆಗಸ್ಟಿನಲ್ಲಿ ಶಿಗಾನು ಟೋಕಿಯೋದ ಯಾಮಾನೋತೆ ರೈಲುಬಂಡಿಗೆ ಸಿಕ್ಕಿ ಪೆಟ್ಟು ತಿಂದನು. ಚೇತರಿಸಿಕೊಳ್ಳಲು ಅಕ್ಟೋಬರಿನಲ್ಲಿ ತಾಜಿಮಾ ಸೀಮೆಯ ಕಿನೋಸಾಕಿಗೆ ಹೋಗಿ, ತೋಜಿಯ ಪದ್ಧತಿಯಂತೆಯೇ ಮೂರು ವಾರ ಇದ್ದನು. 'ಕಿನೋಸಾಕಿಯಲ್ಲಿ' ಎಂಬ ಕಥೆಯು 1917ರಲ್ಲಿ ಪ್ರಕಟವಾಯಿತು. ಅವನು ಕಂಡ ಊರು 1925ರ ಭೂಕಂಪದಲ್ಲಿಯೂ ಬೆಂಕಿಯಲ್ಲಿಯೂ ಹಾಳಾಗಿ, ಮತ್ತೆ ಕಟ್ಟಲ್ಪಟ್ಟಿತು. ಇಂದಿಗೂ ಅಲ್ಲಿ ಅತಿಥಿಗಳು ಯುಕಾತಾ ಉಟ್ಟು, ಮರದ ಪಾದುಕೆಯನ್ನು ಮೆಟ್ಟಿ, ಹೊಳೆಯ ದಡದಲ್ಲಿ ಒಂದು ಸಾರ್ವಜನಿಕ ಸ್ನಾನಗೃಹದಿಂದ ಇನ್ನೊಂದಕ್ಕೆ ನಡೆಯುವುದುಂಟು.

ಕಥೆಯಲ್ಲಿ ನಡೆಯುವುದು ಮೂರೇ ಸಂಗತಿ. ಮಹಡಿಯ ಕೋಣೆಯಿಂದ ಕಾಣುವ ಹೆಂಚಿನ ಮೇಲೆ ಒಂದು ಜೇನ್ನೊಣ ಸತ್ತುಬಿದ್ದಿದೆ; ಉಳಿದವು ಅದನ್ನು ಲೆಕ್ಕಿಸದೆ ಹಾರುತ್ತಿವೆ; ರಾತ್ರಿಯ ಮಳೆಯು ಅದನ್ನು ಕೊಚ್ಚಿಕೊಂಡು ಹೋಗುವುದು. ಆ ನಿಶ್ಶಬ್ದತೆಯು ಅತಿಥಿಗೆ ಹಿತವಾಗುವುದು; ಇಲ್ಲಿಯ ವರೆಗೆ ಅವನೂ ಶಿಮಾಮುರನೇ. ಮುಂದೊಂದು ದಿನ, ಗೇಣುದ್ದದ ಮೀನಿನ ಸರಳು ಕುತ್ತಿಗೆಯಲ್ಲಿ ನಾಟಿದ ಇಲಿಯೊಂದು ಹೊಳೆಯಲ್ಲಿ ಈಜಿ, ಕಲ್ಲಿನ ಸಂದಿಯನ್ನು ಹತ್ತಲು ಒದ್ದಾಡುತ್ತಿದೆ, ಸರಳು ಅಡ್ಡವಾಗಿ ಮತ್ತೆ ಮತ್ತೆ ಬೀಳುತ್ತಿದೆ, ಮಕ್ಕಳು ಕಲ್ಲೆಸೆಯುವರು, ತಾಗುವುದಿಲ್ಲ, ಜನರು ನಗುವರು. ಅವನಿಗೆ ಅದರ ಕೊನೆಯನ್ನು ನೋಡಲಾಗುವುದಿಲ್ಲ. ಬಂಡಿಗೆ ಸಿಕ್ಕಿದ ದಿನ ತಾನೂ ಆಸ್ಪತ್ರೆಯ ಹೆಸರನ್ನು ಹೇಳಿ, ಗಾಯವು ಪ್ರಾಣಾಂತಕವೇ ಎಂದು ಕೇಳಿ, ಹೀಗೆಯೇ ಒದ್ದಾಡಿದೆನಲ್ಲವೇ ಎಂಬ ನೆನಪು ಬರುವುದು. ಕೊನೆಯದಾಗಿ, ಒಂದು ಸಂಜೆ ಹೊಳೆಯ ಮೇಲ್ಭಾಗದಲ್ಲಿ ಕಲ್ಲಿನ ಮೇಲಿದ್ದ ಹಲ್ಲಿಯಂತಹ ಜಲಚರವೊಂದನ್ನು ಬೆದರಿಸಿ ನೀರಿಗಿಳಿಸಬೇಕೆಂದು, ಗುರಿಯಿಡದೆ, ಅವನು ಒಂದು ಕಲ್ಲನ್ನು ಎಸೆಯುವನು. ಅದು ತಾಗಿ ಪ್ರಾಣಿಯು ಸಾಯುವುದು.

ಗುರಿಯಿಟ್ಟ ಮಕ್ಕಳ ಕಲ್ಲು ತಪ್ಪಿತು. ಗುರಿಯಿಡದ ಅತಿಥಿಯ ಕಲ್ಲು ಕೊಂದಿತು. ಶಿಗಾನು ಇದನ್ನು ಎತ್ತಿ ತೋರಿಸುವುದಿಲ್ಲ, ಹೋಲಿಸುವುದೂ ಇಲ್ಲ. ನೋಡುವವನು ನೋಡುತ್ತಲೇ ಮಾಡುವವನಾಗಿಬಿಟ್ಟನು. ತಾನು ಆಕಸ್ಮಿಕವಾಗಿ ಉಳಿದನು, ಅದು ಆಕಸ್ಮಿಕವಾಗಿ ಸತ್ತಿತು. ಅಲ್ಲಿಂದ ಕತ್ತಲೆಯಲ್ಲಿ ದೂರದ ದೀಪಗಳ ಕಡೆಗೆ ಹಿಂದಿರುಗುವ ಅವನ ಏಕಾಂತದಲ್ಲಿ ಅಲಂಕಾರದ ಒಂದು ಮಾತೂ ಇಲ್ಲ. ನನ್ನದಲ್ಲ, ಶತ್ರುವಿನದಲ್ಲ, ತಟಸ್ಥನದೂ ಅಲ್ಲ ಎಂಬ ಆ ಪ್ರಾಚೀನ ವಾಕ್ಯಕ್ಕೆ ಇದಕ್ಕಿಂತ ಒಪ್ಪುವ ಉದಾಹರಣೆಯನ್ನು ಹುಡುಕುವುದು ಕಷ್ಟ.

ಶಿಗಾನ ಕಥೆಯಲ್ಲಿ ಒಂದು ಕೊರತೆಯನ್ನು ಹೇಳಲೇಬೇಕು. ಅವನಿಗೆ ಊಟ ತಂದವಳು, ಹಾಸಿಗೆ ಬಿಡಿಸಿದವಳು ಕಥೆಯಲ್ಲಿ ಇಲ್ಲ. ಇಡೀ ವಸತಿಗೃಹದಲ್ಲಿ ಅವನೊಬ್ಬನೇ ಇದ್ದಂತೆ ತೋರುವುದು. ಇರುವೆಗಿರುವ ಸ್ಥಾನವೂ ಸೇವಕಿಗಿಲ್ಲವೆಂದು ಯಾರಾದರೂ ದೂರಿದರೆ ಸುಳ್ಳೆನ್ನಲಾಗದು. ಕೊಮಾಕೊಗೆ ಬಾಯಿ ಕೊಟ್ಟ ಕಾವಾಬಾತಾನು ಈ ಅಂಶದಲ್ಲಿ ದೊಡ್ಡವನು. ಆದರೆ ಶಿಗಾನಿಗೆ ಆ ಅರಿವು ಇಲ್ಲದೆ ಇರಲಿಲ್ಲ. ಹೆಂಡತಿಯನ್ನು ಕೊಂದ ಹಾನ್ ಎಂಬ ಗಂಡನ ದೃಷ್ಟಿಯಿಂದ ತಾನು ಹಿಂದೆ ಒಂದು ಕಥೆಯನ್ನು ಬರೆದಿದ್ದುದನ್ನು ಅವನು ಇಲ್ಲಿ ನೆನೆಯುತ್ತಾನೆ. ಜೇನ್ನೊಣದ ನಿಶ್ಶಬ್ದತೆಯನ್ನು ಕಂಡ ಮೇಲೆ, ಸತ್ತು ಮಣ್ಣಿನಡಿಯಲ್ಲಿ ಸುಮ್ಮನಿರುವ ಆ ಹೆಂಡತಿಯ ಕಡೆಯಿಂದಲೇ ಅದನ್ನು ಬರೆಯಬೇಕೆಂದು ಅವನಿಗೆ ಅನಿಸುವುದು. ಆ ಕಥೆಯನ್ನು ಅವನು ಬರೆಯಲಿಲ್ಲ.