ಹಳೆಯ ಬೀರು ಊರು ಬಿಡುವ ಕಾಲ

ಹೊಂಗಡಹಳ್ಳದ ಸುತ್ತಮುತ್ತಲಿನ ತೋಟದ ಮನೆಗಳಲ್ಲಿ ಪಾಲು ಎಂದರೆ ಜಮೀನಿನ ಅಳತೆಗೇ ತಿಂಗಳುಗಟ್ಟಲೆ ಓಡಾಟ. ಅಜ್ಜನ ಕಾಲದ ಬೀಟೆ ಬೀರು, ದೇವರ ಕೋಣೆಯ ಮೈಸೂರು ಚಿತ್ರಪಟ, ಜಗಲಿಯ ಗೋಡೆ ಗಡಿಯಾರ ಮಾತ್ರ ಒಂದೇ ಮಧ್ಯಾಹ್ನದಲ್ಲಿ ಪಿಕಪ್ ಏರಿ ಬೆಂಗಳೂರಿಗೆ ಹೊರಟುಬಿಡುತ್ತವೆ. ನೋಡಿದರೆ ಸಂಕಟವಾಗುತ್ತದೆ. ಘಟ್ಟದ ರಸ್ತೆಯ ಗುಂಡಿಗೆ ಎಲ್ಲರೂ ಹೆದರುತ್ತಾರೆ, ಹೆದರಬೇಕಾದದ್ದೇ. ಆದರೆ ಗುಂಡಿಗಿಂತ ಹೆಚ್ಚು ಹಾಳು ಮಾಡುವುದು ಹವೆ. ಪೆಟ್ಟಿಗೆ ಹುಡುಕುವ ಮೊದಲು ತಿಂಗಳು ಗೊತ್ತುಮಾಡಿ.

ಆರಿದ್ರಾ ಮಳೆ ಹಿಡಿದ ಮೇಲೆ ಈ ಕಡೆಯ ಮರದ ಸಾಮಾನು ತೇವ ಕುಡಿದು ಉಬ್ಬುತ್ತದೆ. ಬೀರಿನ ಬಾಗಿಲು ಕಚ್ಚಿಕೊಳ್ಳುತ್ತದೆ, ಡ್ರಾಯರ್ ಎಳೆದರೆ ಬರುವುದಿಲ್ಲ. ಬೇಸಿಗೆಯಲ್ಲಿ ಅದೇ ಬಾಗಿಲು ಸಲೀಸಾಗಿ ತೆರೆಯುತ್ತದೆ. ಮರ ಉದ್ದಕ್ಕೆ ಹೆಚ್ಚುಕಡಿಮೆ ಬದಲಾಗದು, ಅಗಲಕ್ಕೆ ಮಾತ್ರ ಹಿಗ್ಗಿ ಕುಗ್ಗುತ್ತದೆ. ಹಳೇ ಬಡಗಿಗಳಿಗೆ ಇದು ಚೆನ್ನಾಗಿ ಗೊತ್ತಿತ್ತು. ಬೀರಿನ ಬಾಗಿಲಿನ ನಡುಹಲಗೆಯನ್ನು ಬೆರಳಿನಿಂದ ಒತ್ತಿ ನೋಡಿ, ಕೊಂಚ ಅಲ್ಲಾಡುತ್ತದೆ. ಅದನ್ನು ಮೊಳೆ ಹೊಡೆಯದೆ, ಅಂಟು ಹಾಕದೆ, ಚೌಕಟ್ಟಿನ ಕಚ್ಚಿನೊಳಗೆ ಸಡಿಲವಾಗಿ ಕೂರಿಸಿರುತ್ತಾರೆ. ಹಿಗ್ಗುವುದಕ್ಕೂ ಕುಗ್ಗುವುದಕ್ಕೂ ಬಿಟ್ಟ ಜಾಗ ಅದು. ಸಾಗಿಸುವಾಗ ಸದ್ದು ಮಾಡುತ್ತದೆ ಎಂದು ಅಂಟು ತುಂಬಿ ಬಿಗಿಮಾಡಿದರೆ, ಬೆಂಗಳೂರಿನ ಮಾರ್ಚ್ ಒಣಹವೆಗೆ ಹಲಗೆ ನಡುಮಧ್ಯೆ ಸೀಳುತ್ತದೆ. ಆಮೇಲೆ ಯಾವ ಪಾಲಿಶೂ ಅದನ್ನು ಮುಚ್ಚದು. ಸದ್ದು ಬೇಡವಾದರೆ ಸಂದಿಗೆ ಹಳೆ ಪಂಚೆಯ ಚೂರು ತುರುಕಿದರೆ ಸಾಕು.

ಹಾಗಾಗಿ ನನ್ನ ಆಯ್ಕೆ ಮಾರ್ಗಶಿರ, ಪುಷ್ಯ. ಮಳೆ ಮುಗಿದು ಮರ ತಾನಾಗಿ ಆರಿರುತ್ತದೆ, ಬೆಂಗಳೂರಿನ ಹವೆಯೂ ಬೇಸಿಗೆಯಷ್ಟು ಒಣಗಿರುವುದಿಲ್ಲ. ಕಾಫಿ ಹಣ್ಣು ಕುಯ್ಯುವ ಕಾಲವೂ ಅದೇ, ಆಳೂ ಸಿಗದು ಜೀಪೂ ಸಿಗದು ಎಂಬ ಆಕ್ಷೇಪ ಬಂದೇ ಬರುತ್ತದೆ. ಬರಲಿ. ನೂರು ವರ್ಷ ಉಳಿದ ವಸ್ತುವಿಗಾಗಿ ಕುಯ್ಲಿನ ನಡುವೆ ಎರಡು ದಿನ ತೆಗೆದಿಡುವುದು ದೊಡ್ಡದಲ್ಲ.

ಮೈಸೂರು ಚಿತ್ರಪಟದ ವಿಷಯ ಇನ್ನೂ ನಾಜೂಕು. ಸಫೇದ ಮತ್ತು ಗೋಂದು ಕಲಸಿ ತೆಗೆದ ತೆಳುವಾದ ಉಬ್ಬು ಕೆಲಸ, ಅದರ ಮೇಲೆ ಚಿನ್ನದ ರೇಕು. ಹಿಂದಿನ ಹಲಗೆ ಕುಗ್ಗಿದರೂ ಮೇಲಿನ ಪದರ ಕುಗ್ಗದು, ಅಲ್ಲಲ್ಲಿ ಎದ್ದು ನಿಲ್ಲುತ್ತದೆ. ನೇರ ಬೆಳಕಿಗೆ ಅದು ಕಾಣುವುದಿಲ್ಲ. ಕೋಣೆ ಕತ್ತಲು ಮಾಡಿ, ಪಕ್ಕದಿಂದ ಓರೆಯಾಗಿ ಟಾರ್ಚ್ ಬಿಡಿ. ಎದ್ದ ಚಕ್ಕೆಯ ಪಕ್ಕದಲ್ಲೆಲ್ಲ ಸಣ್ಣ ನೆರಳು ಬೀಳುತ್ತದೆ. ನೆರಳು ಕಂಡರೆ ಪಟವನ್ನು ಅಲ್ಲಾಡಿಸಬೇಡಿ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಇಂಟ್ಯಾಕ್‌ನ ಕಲಾಕೃತಿ ಸಂರಕ್ಷಣಾ ಕೇಂದ್ರ ಇದೆ, ಫೋಟೊ ಕಳಿಸಿ ಮೊದಲು ಅವರನ್ನು ಕೇಳಿ. ಚಕ್ಕೆ ಕೂರಿಸಿದ ಮೇಲೇ ಪಯಣ.

ಪಟದ ಮೈಗೆ ಬಬಲ್ ರ‍್ಯಾಪ್ ತಾಕಲೇಬಾರದು. ಬಿಸಿಗೆ ಅದರ ಗುಳ್ಳೆಗಳ ಅಚ್ಚು ಮೂಡುತ್ತದೆ, ಒಳಗಿನ ತೇವ ಅಲ್ಲೇ ಕೂರುತ್ತದೆ. ಮೊದಲು ಆಮ್ಲರಹಿತ ಕಾಗದ, ಅದರ ಮೇಲೆ ಒಗೆದ ಮೆತ್ತನೆ ಹತ್ತಿಬಟ್ಟೆ, ಆಮೇಲೆ ಬೇಕಾದರೆ ಬಬಲ್, ಗುಳ್ಳೆ ಹೊರಗಡೆಗೆ. ಗಾಜಿದ್ದರೆ ಅದರ ಮೇಲೆ ಅಡ್ಡಡ್ಡ ಮಾಸ್ಕಿಂಗ್ ಟೇಪ್ ಅಂಟಿಸಿ, ಒಡೆದರೂ ಚೂರು ಚಿತ್ರದ ಮೇಲೆ ಉದುರದು. ಟೇಪ್ ಕಟ್ಟಿನ ಚಿನ್ನದ ಬಣ್ಣಕ್ಕೆ ತಾಗದಿರಲಿ. ವಾಹನದಲ್ಲಿ ಪಟವನ್ನು ನಿಲ್ಲಿಸಿಯೇ ಒಯ್ಯಬೇಕು. ಭತ್ತದ ಹೊಟ್ಟು, ಹುಲ್ಲು, ಕಾಫಿಯ ಗೋಣಿಚೀಲ ಕೈಗೆ ಸಿಗುತ್ತವೆ ನಿಜ, ಹುಳುವೂ ಅವುಗಳ ಜೊತೆಗೇ ಬರುತ್ತದೆ. ಹಳೆ ವೃತ್ತಪತ್ರಿಕೆಯ ಮಸಿ ಬೆಳ್ಳಿಗೂ ಬಟ್ಟೆಗೂ ಅಂಟುತ್ತದೆ.

ಗಡಿಯಾರದ ಲೋಲಕ ತೂಗುವುದು ಕಾಗದದಷ್ಟು ತೆಳ್ಳನೆಯ ಉಕ್ಕಿನ ಪಟ್ಟಿಯಿಂದ. ಲೋಲಕ ಕಳಚದೆ ಹೊರಟರೆ ಮೊದಲ ತಿರುವಿನಲ್ಲೇ ಆ ಪಟ್ಟಿ ತುಂಡಾಗಬಹುದು. ಲೋಲಕ, ಕೀಲಿ ಎರಡನ್ನೂ ಬಟ್ಟೆ ಚೀಲದಲ್ಲಿ ಕಟ್ಟಿ ಕೈಯಲ್ಲೇ ಇಟ್ಟುಕೊಳ್ಳಿ.

ಬಿಡಿಸಿ ಜೋಡಿಸುವ ಕೆಲಸ ಎಷ್ಟು ದೂರ ಹೋಗಬಲ್ಲದು ಎಂದು ನೋಡಬೇಕಾದರೆ ಮಣಿಪಾಲಕ್ಕೆ ಹೋಗಿ. ವಿಜಯನಾಥ ಶೆಣೈ ಕಟ್ಟಿದ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ಕುಕನೂರಿನ ಕಮಲ ಮಹಲ್, ಹುಮನಾಬಾದಿನ ನವಾಬ್ ಮಹಲ್ ಎಲ್ಲ ಬಯಲುಸೀಮೆಯಿಂದ ಕರಾವಳಿಗೆ ಬಂದು ನಿಂತಿವೆ. ಕಂಬ, ತೊಲೆ, ಹಲಗೆಗೆಲ್ಲ ಗುರುತಿಲ್ಲದೆ ಅಂಥ ಕೆಲಸ ಆಗದು. ನಮ್ಮ ಒಂದು ಮಂಚಕ್ಕೂ ಅದೇ ಶಿಸ್ತು ಬೇಕು: ಬಿಚ್ಚುವ ಮುಂಚೆ ಫೋಟೊ, ಪ್ರತಿ ತುಂಡಿಗೂ ದಾರದಲ್ಲಿ ಕಟ್ಟಿದ ಚೀಟಿ, ಬೆಣೆಗಳಿಗೆ ಬೇರೆ ಡಬ್ಬಿ.

ಕಾನೂನೂ ತಿಳಿದಿರಲಿ. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯಂತೆ ಶಿಲ್ಪ, ಚಿತ್ರಗಳಂಥವಕ್ಕೆ 100 ವರ್ಷ ತುಂಬಿದರೆ, ಮಹತ್ವದ ಹಸ್ತಪ್ರತಿಗೆ 75 ತುಂಬಿದರೆ ಪ್ರಾಚ್ಯವಸ್ತು. ಹಳೆಯ ವಿಗ್ರಹ, ಚಿತ್ರಪಟಗಳಿಗೆ ನೋಂದಣಿ ಬೇಕು. ಅವು ಒಬ್ಬರಿಂದ ಇನ್ನೊಬ್ಬರ ಕೈಗೆ ಹೋದಾಗ ನೋಂದಣಿ ಅಧಿಕಾರಿಗೆ ತಿಳಿಸಬೇಕು. ಅಮೆರಿಕದ ಮಗಳ ಮನೆಗೆ ಪ್ರಾಚ್ಯವಸ್ತು ಕಳಿಸುವಂತೆಯೇ ಇಲ್ಲ.

ಇನ್ನು ಬೆಂಗಳೂರಿನಲ್ಲಿ ಇಳಿಸಿದ ಮೇಲೆ. ಆತುರದಿಂದ ಸಂಜೆಯೇ ಕಟ್ಟು ಬಿಚ್ಚುವವರೇ ಹೆಚ್ಚು. ಪಟದ ಪೆಟ್ಟಿಗೆಯನ್ನು ಒಂದು ದಿನವಾದರೂ ಮುಚ್ಚಿದಂತೆಯೇ ಬಿಡಿ, ಆಮೇಲೆ ಒಂದೊಂದೇ ಪದರ ತೆಗೆಯಿರಿ. ಬೀರನ್ನು ಏಸಿಯ ಗಾಳಿಗೂ ಪಶ್ಚಿಮದ ಕಿಟಕಿಯ ಬಿಸಿಲಿಗೂ ಒಡ್ಡಬೇಡಿ, ಗೋಡೆಯಿಂದ ನಾಲ್ಕು ಬೆರಳು ದೂರ ನಿಲ್ಲಿಸಿ. ಮೊದಲ ಬೇಸಿಗೆ ಕಳೆಯುವ ತನಕ ಬಡಗಿಯನ್ನು ಕರೆಸಿ ಏನನ್ನೂ ಬಿಗಿ ಮಾಡಿಸಬೇಡಿ.